ಜೋಡಿ ಸೂಜಿ, ಒಂದು ಮೀಟರ್ ದಾರ: ಚರ್ಮದ ಕಾರ್ಡ್ ಚೀಲ ಹೊಲಿಯುವುದು ಹೀಗೆ

ಚರ್ಮದ ಕೆಲಸ ಕಲಿಯಲು ಹೊರಟವರು ಮೊದಲು ಮಾಡುವ ತಪ್ಪು, ಮೂವತ್ತು ನಲವತ್ತು ಸಾಮಾನಿನ ಅಗ್ಗದ ಕಿಟ್ ತರಿಸಿಕೊಳ್ಳುವುದು. ಅದರಲ್ಲಿ ಅರ್ಧ ಡಬ್ಬಿಯಿಂದ ಆಚೆಗೇ ಬರುವುದಿಲ್ಲ, ಉಳಿದರ್ಧ ನಾಲ್ಕು ಪೆಟ್ಟಿಗೇ ಮೊಂಡಾಗುತ್ತದೆ. ಅದೇ ದುಡ್ಡಿಗೆ ಒಂದು ಒಳ್ಳೆಯ ಪಂಚ್ (ಚರ್ಮಕ್ಕೆ ಹೊಡೆದು ಹೊಲಿಗೆಯ ತೂತು ಮಾಡುವ ಹಲ್ಲಿನ ಉಳಿ) ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಕೈಹೊಲಿಗೆಯ ಅಂದ ಮುಕ್ಕಾಲು ಪಾಲು ತೂತಿನಲ್ಲೇ ತೀರ್ಮಾನವಾಗಿರುತ್ತದೆ. ಸೂಜಿ ಆಮೇಲಿನ ಮಾತು.

ಕಲಿಕೆಗೆ ಎರಡು ಜೇಬಿನ ಕಾರ್ಡ್ ಚೀಲ ಸರಿಯಾದ ಕೆಲಸ. ಚಿಕ್ಕದು, ಆದರೆ ಕತ್ತರಿಸುವುದು, ಅಂಟಿಸುವುದು, ತೂತು, ಹೊಲಿಗೆ, ಅಂಚು ಎಲ್ಲವೂ ಇದರಲ್ಲಿ ಬರುತ್ತವೆ. ಮೆಟ್ರೊ ಕಾರ್ಡ್, ಡಿಎಲ್, ಎಟಿಎಂ ಕಾರ್ಡ್ ಎಲ್ಲದರ ಅಳತೆಯೂ ಒಂದೇ, 85.6 × 54 ಮಿ.ಮೀ.

ಯಾವ ಚರ್ಮ?

ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು ಮೆತ್ತಗೆ, ಬಣ್ಣಬಣ್ಣದಲ್ಲಿ ಇರುತ್ತದೆ. ಬ್ಯಾಗು, ಜಾಕೆಟ್ಟಿಗೆ ಅದು ಸರಿ. ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು ಗಟ್ಟಿ, ತಿಳಿ ಕಂದು ಬಣ್ಣ. ನಮಗೆ ಬೇಕಾದದ್ದು ಎರಡನೆಯದು, ಏಕೆಂದರೆ ಅದರ ಅಂಚು ಮಾತ್ರ ಉಜ್ಜಿದರೆ ಹೊಳಪು ಬರುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿಗೂ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದವಾದ ತೊಗಲೇ ಆಗಬೇಕು. (ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ. ಹೆಸರು ಮಾತ್ರ ಕೊಲ್ಹಾಪುರದ ಪಾಲಾಯಿತು.)

ಅಂಗಡಿಯವರ ಮಾತನ್ನಷ್ಟೇ ನಂಬಬೇಡಿ. ಕತ್ತರಿಸಿದ ಅಂಚನ್ನು ನೋಡಿ: ನಡುವೆ ನೀಲಿ ಬೂದು ಛಾಯೆ ಕಂಡರೆ ಅದು ಕ್ರೋಮ್ ಚರ್ಮ. ಬಣ್ಣ ಹಾಕದ ಚರ್ಮವಾದರೆ ಮೂಲೆಯಲ್ಲಿ ಒಂದು ಹನಿ ನೀರು ಇಡಿ. ಒಗರಿನಲ್ಲಿ ಹದವಾದದ್ದು ಬೇಗ ಹೀರಿಕೊಂಡು ಕಪ್ಪಾಗುತ್ತದೆ. ದಪ್ಪ 1ರಿಂದ 1.2 ಮಿ.ಮೀ. ಇರಲಿ. ಬೆಲ್ಟಿನ 3 ಮಿ.ಮೀ. ಚರ್ಮ ತಂದರೆ ಮೂರು ಪದರ ಸೇರಿ ಇಟ್ಟಿಗೆಯಾಗುತ್ತದೆ.

ಬೆಂಗಳೂರಿನ ಟ್ಯಾನರಿ ರಸ್ತೆಗೆ ಹೆಸರು ಬಂದದ್ದೇ ಚರ್ಮ ಹದ ಮಾಡುವ ಕಾರ್ಖಾನೆಗಳಿಂದ. ಬೆಂಗಳೂರು–ಚೆನ್ನೈ ರೈಲು ಮಾರ್ಗದಲ್ಲಿರುವ ವಾಣಿಯಂಬಾಡಿ, ಆಂಬೂರುಗಳದ್ದೂ ಇದೇ ಕಸುಬು. ಚರ್ಮವನ್ನು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಈ ಚೀಲಕ್ಕೆ ಒಂದು ಅಡಿಯ ಐದರಲ್ಲಿ ಒಂದು ಪಾಲು ಸಾಕು. ಹಾಗಾಗಿ ಇಡೀ ತೊಗಲು ಕೇಳುವ ಬದಲು ತುಂಡು ಚರ್ಮ ಕೇಳಿ. ಹೊಟ್ಟೆ ಭಾಗದ್ದು ಬೇಡ, ಎಳೆದರೆ ಹಿಗ್ಗುತ್ತದೆ.

ಸಾಮಾನು

4 ಮಿ.ಮೀ. ಅಂತರದ ಹಲ್ಲುಗಳಿರುವ ಸ್ಟಿಚಿಂಗ್ ಪಂಚ್ ಎರಡು: ನಾಲ್ಕು ಹಲ್ಲಿನದು, ಎರಡು ಹಲ್ಲಿನದು. ಮೊಂಡು ಮೂತಿಯ ಸೂಜಿ ಎರಡು. ಸಿಗದಿದ್ದರೆ ಮಾಮೂಲಿ ದಪ್ಪ ಸೂಜಿಯ ತುದಿಯನ್ನು ಮರಳು ಕಾಗದಕ್ಕೆ ತಿಕ್ಕಿ. 0.6 ಮಿ.ಮೀ. ಮೇಣದ ಪಾಲಿಯೆಸ್ಟರ್ ದಾರ, ಕಟರ್, ಉಕ್ಕಿನ ಸ್ಕೇಲ್, ಜಾಮಿಟ್ರಿ ಬಾಕ್ಸಿನ ಡಿವೈಡರ್, ಫೆವಿಕಾಲ್ ಎಸ್‌ಆರ್ 998ರಂಥ ಕಾಂಟ್ಯಾಕ್ಟ್ ಅಂಟು, 120, 400 ಮತ್ತು 600 ನಂಬರಿನ ಮರಳು ಕಾಗದ, ಜೇನುಮೇಣ.

ಪಂಚ್ ಹೊಡೆಯಲು ಮರದ ಕೊಡತಿಯೇ ಬೇಕು. ಕಬ್ಬಿಣದ ಸುತ್ತಿಗೆ ಪಂಚಿನ ತಲೆಯನ್ನು ಅಣಬೆ ಮಾಡಿಬಿಡುತ್ತದೆ. ಕೆಳಗೆ ದಪ್ಪ ಪ್ಲಾಸ್ಟಿಕ್ಕಿನ ತರಕಾರಿ ಹಲಗೆ, ಅದರಡಿ ಗ್ರಾನೈಟ್ ತುಂಡು. ಮನೆ ಕಟ್ಟುವ ಜಾಗದಲ್ಲಿ ಕೇಳಿದರೆ ಸಿಂಕಿನ ಕಲ್ಲು ಕೊರೆದು ತೆಗೆದ ತುಂಡು ಪುಕ್ಕಟೆ ಸಿಗಬಹುದು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮೇಜಿನ ಕಾಲಿನ ನೇರಕ್ಕೆ, ಕೆಳಗೊಂದು ಹಳೆಯ ಕಂಬಳಿ ಮಡಿಸಿಟ್ಟು ಹೊಡೆಯಿರಿ; ಕೆಳಮನೆಯವರು ಮೇಲೆ ಹತ್ತಿ ಬರುವುದು ತಪ್ಪುತ್ತದೆ.

ಕತ್ತರಿಸುವುದು

ಮೂರು ತುಂಡು: ನಡುವಿನದು 100 × 66 ಮಿ.ಮೀ., ಜೇಬುಗಳು ಎರಡು, ತಲಾ 100 × 50. ಚರ್ಮವನ್ನು ಎರಡೂ ಕಡೆಗೆ ಎಳೆದು ನೋಡಿ, ಕಡಿಮೆ ಹಿಗ್ಗುವ ದಿಕ್ಕಿಗೆ 100 ಮಿ.ಮೀ. ಬರಲಿ. ಚಪ್ಪಲಿ ಹೊಲಿಯುವವರು ರಂಪಿಗೆಯಲ್ಲಿ ಒಂದೇ ಎಳೆತಕ್ಕೆ ಕೊಯ್ಯುತ್ತಾರೆ. ಆ ಕೈ ಬರುವವರೆಗೆ ಕಟರಿಗೆ ಹೊಸ ಬ್ಲೇಡು ಹಾಕಿ, ಮೂರು ನಾಲ್ಕು ಸಲ ಹಗುರವಾಗಿ ಎಳೆಯಿರಿ. ಒತ್ತಿ ಎಳೆದರೆ ಬ್ಲೇಡು ವಾಲಿ ಅಂಚು ಓರೆಯಾಗುತ್ತದೆ, ಆ ಓರೆ ಕೊನೆಯವರೆಗೂ ಕಾಡುತ್ತದೆ.

ಮೂಲೆ ದುಂಡಗೆ ಮಾಡಲು ರೂಪಾಯಿ ನಾಣ್ಯ ಇಡುವವರೇ ಹೆಚ್ಚು. ಇಡಬೇಡಿ. ಅದರ ತ್ರಿಜ್ಯ ಸುಮಾರು 11 ಮಿ.ಮೀ.; ಮೂಲೆಯ ತೂತಿಗೂ ಅಂಚಿಗೂ ನಡುವೆ 1 ಮಿ.ಮೀ. ಮಾತ್ರ ಉಳಿದು ಕಿತ್ತುಹೋಗುತ್ತದೆ. 10 ಮಿ.ಮೀ. ಅಗಲದ ಪೆನ್ನಿನ ಮುಚ್ಚಳ ಸರಿಯಾದ ಅಳತೆ. ಜೇಬುಗಳ ಬಾಯಂಚನ್ನು ಈಗಲೇ ಉಜ್ಜಿ ಮುಗಿಸಿ (ವಿಧಾನ ಕೊನೆಯಲ್ಲಿದೆ). ಅಂಟಿಸಿದ ಮೇಲೆ ಅಲ್ಲಿಗೆ ಕೈ ಹೋಗದು.

ಅಂಟು

ಅಂಟಿನ ಕೆಲಸ ತುಂಡುಗಳು ಜರುಗದಂತೆ ಹಿಡಿಯುವುದಷ್ಟೇ, ಹಾಗಾಗಿ ಎಡ, ಬಲ, ತಳದ ಅಂಚುಗಳಿಗೆ 3 ಮಿ.ಮೀ. ಪಟ್ಟಿ ಸಾಕು. ನಡುವಿನ ತುಂಡಿನ ಎರಡೂ ಮೈಗೆ ಒಂದೊಂದು ಜೇಬು, ತಳ ಸಮಕ್ಕೆ ಬರಲಿ. ಜೇಬಿನ ಒರಟು ಮೈ ಒಳಗೆ ಬರಬೇಕು. ನಡುವಿನ ತುಂಡಿನ ಒಂದು ಮೈ ನುಣುಪು. ಅದರ ಮೇಲೆ ಅಂಟು ನಿಲ್ಲುವುದಿಲ್ಲ. ಅಲ್ಲಿ ಪಟ್ಟಿಯಷ್ಟು ಜಾಗವನ್ನು 120 ನಂಬರಿನ ಕಾಗದದಲ್ಲಿ ತಿಕ್ಕಿ ಒರಟು ಮಾಡಿ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರುವವರೆಗೆ ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಒತ್ತಿ. ಹಸಿಯಿರುವಾಗಲೇ ಜೋಡಿಸಿದರೆ ಜಾರುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ.

ತೂತು

ಡಿವೈಡರನ್ನು 4 ಮಿ.ಮೀ.ಗೆ ತೆರೆದು, ಒಂದು ಕಾಲನ್ನು ಅಂಚಿನ ಹೊರಗೆ ತಾಗಿಸಿ ಎಳೆದರೆ ಹೊಲಿಗೆಯ ಗೆರೆ ಸಿಗುತ್ತದೆ. ತಳದ ಗೆರೆ 92 ಮಿ.ಮೀ., ಅಂದರೆ ಸರಿಯಾಗಿ 23 ಹೊಲಿಗೆ. ಎರಡೂ ಮೂಲೆಯಲ್ಲಿ ತೂತು ತಾನಾಗಿಯೇ ಕೂರುತ್ತದೆ. ಮೂಲೆಯಿಂದ ಮೇಲಕ್ಕೆ ಪ್ರತಿ ಬದಿಗೂ 12 ಹೊಲಿಗೆ. ಕೊನೆಯ ತೂತು ಜೇಬಿನ ಬಾಯಿಗಿಂತ 2 ಮಿ.ಮೀ. ಮೇಲೆ, ನಡುವಿನ ತುಂಡಿನಲ್ಲಿ ಬೀಳುತ್ತದೆ. ಬೀಳಲೇಬೇಕು: ಬಾಯಂಚನ್ನು ಹೊಲಿಗೆ ದಾಟಿ ಹಿಡಿಯದಿದ್ದರೆ ಕಾರ್ಡ್ ಎಳೆದೆಳೆದು ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಮೊದಲು ಪಂಚನ್ನು ಗೆರೆಯ ಮೇಲೆ ಬರೀ ಒತ್ತಿ ಗುರುತು ಮಾಡುತ್ತಾ ಹೋಗಿ. ಹಿಂದಿನ ಕೊನೆಯ ಗುರುತಿನಲ್ಲಿ ಮುಂದಿನ ಮೊದಲ ಹಲ್ಲು ಕೂರಬೇಕು. ಎಲ್ಲ ಸರಿಯಿದ್ದರೆ ಮಾತ್ರ ಕೊಡತಿ ಎತ್ತಿ. ಪಂಚ್ ಕೂದಲೆಳೆಯಷ್ಟು ವಾಲಿದರೂ ಮುಂದೆ ನೇರ ಕಂಡ ಸಾಲು ಹಿಂದೆ ಹಾವಿನಂತೆ ಹರಿಯುತ್ತದೆ. ನಿಂತು ಮೇಲಿನಿಂದ ನೋಡುವ ಬದಲು ಕೂತು ಕಣ್ಣನ್ನು ಪಂಚಿನ ಮಟ್ಟಕ್ಕೆ ತನ್ನಿ. ಹಲ್ಲು ಸಿಕ್ಕಿಹಾಕಿಕೊಂಡರೆ ಅಲ್ಲಾಡಿಸಬೇಡಿ, ತೂತು ಅಗಲವಾಗುತ್ತದೆ. ಚರ್ಮವನ್ನು ಮರದ ಚೂರಿನಿಂದ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಆಗಾಗ ಹಲ್ಲನ್ನು ಜೇನುಮೇಣಕ್ಕೆ ಚುಚ್ಚಿದರೆ ಸಲೀಸು.

ಹೊಲಿಗೆ

ಹೊಲಿಗೆಯ ಉದ್ದ 188 ಮಿ.ಮೀ. ಈ ದಪ್ಪಕ್ಕೆ ದಾರ ಅದರ ನಾಲ್ಕರಷ್ಟು ಹಿಡಿಯುತ್ತದೆ. ಸೂಜಿ ಹಿಡಿಯಲು ಆಚೀಚೆ ಬಿಡುವುದೂ ಸೇರಿ ಒಂದು ಮೀಟರ್. ಎರಡೂ ತುದಿಗೆ ಒಂದೊಂದು ಸೂಜಿ. ಚೀಲವನ್ನು ಎರಡು ಹಲಗೆ ಚೂರುಗಳ ನಡುವೆ ಸಿಕ್ಕಿಸಿ ಮಂಡಿಯಲ್ಲಿ ಹಿಡಿದುಕೊಳ್ಳಿ.

ಎರಡನೇ ತೂತಿನಿಂದ ಆರಂಭಿಸಿ, ದಾರದ ನಡುಭಾಗ ಅಲ್ಲಿರಲಿ. ಒಂದು ಹೊಲಿಗೆ ಹಿಂದಕ್ಕೆ ಹಾಕಿ ಮುಂದಕ್ಕೆ ತಿರುಗಿ. ಬಾಯಿಗೆ ಜೋಡಿ ದಾರ ಬೀಳುತ್ತದೆ. ಮುಂದೆ ಪ್ರತಿ ತೂತಿಗೂ ಒಂದೇ ಕ್ರಮ: ಎಡಸೂಜಿ ಮೊದಲು, ಅದರ ದಾರವನ್ನು ಸ್ವಲ್ಪ ಹಿಂದಕ್ಕೆಳೆದು ಅದೇ ತೂತಿಗೆ ಬಲಸೂಜಿ, ಆಮೇಲೆ ಎರಡನ್ನೂ ಒಂದೇ ಬಿಗಿಗೆ ಜಗ್ಗುವುದು. ನಡುವೆ ಕ್ರಮ ತಪ್ಪಿದರೆ ಆ ಒಂದು ಹೊಲಿಗೆಯ ಓರೆ ಮಾತ್ರ ಬೇರೆಯಾಗಿ ಎದ್ದು ಕಾಣುತ್ತದೆ. ಹಿಂದಕ್ಕೆಳೆಯುವುದನ್ನು ಮರೆತರೆ ಬಲಸೂಜಿ ಎಡದಾರವನ್ನೇ ಸೀಳಿ ಹೋಗುತ್ತದೆ, ಮತ್ತೆ ಬಿಗಿಯಾಗುವುದೇ ಇಲ್ಲ. ಮಿಷನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಉಳಿದದ್ದೂ ಬಿಚ್ಚುತ್ತಾ ಬರುತ್ತದೆ. ಇದರಲ್ಲಿ ಇನ್ನೊಂದು ದಾರ ಹಿಡಿದು ನಿಲ್ಲುತ್ತದೆ.

ಕೊನೆಯಲ್ಲಿ ಎರಡು ಹೊಲಿಗೆ ಹಿಂದಕ್ಕೆ ಬಂದು, 2 ಮಿ.ಮೀ. ಬಿಟ್ಟು ಕತ್ತರಿಸಿ, ಲೈಟರ್ ಹತ್ತಿರ ಹಿಡಿದು ಕರಗಿಸಿ ಒತ್ತಿ. ಜ್ವಾಲೆ ಚರ್ಮಕ್ಕೆ ತಾಗದಿರಲಿ.

ಅಂಚು

ಮೂರೂ ಪದರ ಒಂದಾಗುವವರೆಗೆ 120ರಲ್ಲಿ ತಿಕ್ಕಿ, 400, 600ಕ್ಕೆ ಹೋಗಿ. ಬೆರಳಲ್ಲಿ ನೀರು ಸವರಿ, ಹಳೆಯ ಜೀನ್ಸ್ ಬಟ್ಟೆಯಿಂದ ಬಿಸಿ ಹತ್ತುವಷ್ಟು ಜೋರಾಗಿ ಉಜ್ಜಿ. ನೀರು ಹೆಚ್ಚಾದರೆ ಅಂಚು ಅಣಬೆಯಂತೆ ಹೊರಳುತ್ತದೆ. ಒಣಗಿದ ಮೇಲೆ ಜೇನುಮೇಣ ತಿಕ್ಕಿ ಮತ್ತೆ ಬಟ್ಟೆ.

ಮಳೆಗಾಲದಲ್ಲಿ ಉಳಿದ ಚರ್ಮವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಬೂಷ್ಟು ಖಂಡಿತ. ಪೇಪರಿನಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಒದ್ದೆಯಾದ ಚೀಲವನ್ನು ಬಿಸಿಲಿಗೆ ಹಾಕಬೇಡಿ, ಸೆಟೆದುಕೊಳ್ಳುತ್ತದೆ. ಹೊಸ ಚೀಲಕ್ಕೆ ಮೊದಲ ವಾರ ಜೇಬಿಗೆ ಎರಡೇ ಕಾರ್ಡ್. ನಾಲ್ಕು ತುರುಕಿ ಹಿಗ್ಗಿಸಿದರೆ, ಆಮೇಲೆ ಒಂದನ್ನೇ ಇಟ್ಟ ದಿನ ಅದು ಜಾರಿ ಬೀಳುತ್ತದೆ.