ಹೇನಿಗೆ ಬೇವಿನೆಣ್ಣೆ ಸಾಲದು, ಸೀರಣಿಗೆ ಹಿಡಿಯಿರಿ

ಜೂನ್ ಬಂತೆಂದರೆ ಮಡಿಕೇರಿ ಕಡೆ ಮಳೆಯೂ ಶುರು, ಶಾಲೆಯೂ ಶುರು. ಚಳಿಗೆ ಮಕ್ಕಳು ಒಂದೇ ಕಂಬಳಿಯೊಳಗೆ ಮುದುಡಿ ಮಲಗುತ್ತಾರೆ. ತಲೆಗೆ ತಲೆ ತಾಗಿದರೆ ಸಾಕು, ಹೇನು ಹತ್ತುತ್ತದೆ. ಇದು ಕೊಳಕಿನ ಲಕ್ಷಣ ಅಲ್ಲವೇ ಅಲ್ಲ, ಮಗುವನ್ನು ಬೈಯಬೇಡಿ.

ಮೊದಲು ಎಣ್ಣೆ. ಒಂದು ಚಮಚ ಬೇವಿನೆಣ್ಣೆಗೆ ನಾಲ್ಕು ಚಮಚ ಕೊಬ್ಬರಿ ಎಣ್ಣೆ ಬೆರೆಸಿ. ಕಿವಿಯ ಹಿಂದೆ ಒಂದು ಹನಿ ಹಚ್ಚಿ ನೋಡಿ, ಉರಿಯದಿದ್ದರೆ ತಲೆಗೆಲ್ಲ ಹಚ್ಚಿ ಒಂದು ಗಂಟೆ ಬಿಡಿ. ಪುಟ್ಟ ಕೂಸುಗಳಿಗೆ ಬೇವಿನೆಣ್ಣೆ ಬೇಡ, ಬರೀ ಬಾಚಿ.

ಸೀತಾಫಲದ ಬೀಜ ಅರೆದು ಹಚ್ಚುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯೇ ಹುಣ್ಣಾಗುತ್ತದೆ. ಸೀಮೆಎಣ್ಣೆಯಂತೂ ಒಲೆಯ ಹತ್ತಿರ ಬೆಂಕಿಗೇ ಆಹ್ವಾನ.

ಇನ್ನು ಎಲ್ಲರೂ ಎಡವುವ ಜಾಗ, ಬಾಚುವುದು. ಎಣ್ಣೆ ಹಚ್ಚಿ, ತೊಳೆದು, ಆಯಿತು ಅಂದುಕೊಳ್ಳುತ್ತಾರೆ. ಎಣ್ಣೆಗೆ ಹೇನಿನ ಓಟ ನಿಧಾನವಾಗುತ್ತದೆ ಅಷ್ಟೇ, ಸೀರು ಜಗ್ಗುವುದಿಲ್ಲ. ಅದು ಕೂದಲಿಗೆ ಅಂಟು ಹಾಕಿದ ಹಾಗೆ ಕೂತಿರುತ್ತದೆ. ಲೋಹದ ಸೀರಣಿಗೆಯನ್ನೇ ತನ್ನಿ. ಪ್ಲಾಸ್ಟಿಕ್ಕಿನದರ ಹಲ್ಲು ಬಾಗಿ ಸೀರು ನುಸುಳಿಹೋಗುತ್ತದೆ, ಅದಕ್ಕೆ ದುಡ್ಡು ಹಾಕಬೇಡಿ. ಮಗುವನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹೆಗಲಿಗೆ ಬಿಳಿ ಬಟ್ಟೆ ಹೊದಿಸಿ. ಎಣ್ಣೆಗೂದಲನ್ನು ಬೆರಳಗಲದ ಎಳೆಗಳಾಗಿ ಬಿಡಿಸಿ. ಹಲ್ಲು ತಲೆಬುರುಡೆಗೆ ತಾಗಬೇಕು. ಅಲ್ಲಿಂದ ತುದಿಯವರೆಗೆ ಒಂದೇ ಎಳೆತ, ಪ್ರತಿ ಸಲವೂ ಬಟ್ಟೆಗೆ ಒರೆಸಿ. ಎಳ್ಳಿನಂಥ ಕಂದು ಹೇನು ಬಿಳಿ ಬಟ್ಟೆಯ ಮೇಲೆ ಮೆಲ್ಲಗೆ ಕಾಲಾಡಿಸುವುದು ಕಾಣುತ್ತದೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಜಾಸ್ತಿ ಹುಡುಕಿ. ಹಣಿಗೆಗೆ ಬಾರದ ಸೀರನ್ನು ಎರಡು ಉಗುರುಗಳ ನಡುವೆ ಹಿಡಿದು ಕೂದಲುದ್ದಕ್ಕೂ ಜಾರಿಸಿ ತೆಗೆಯಿರಿ. ಉದ್ದ ಜಡೆಗೆ ಒಂದು ಗಂಟೆ ಹಿಡಿಯುತ್ತದೆ, ಅವಸರ ಬೇಡ.

ಆಮೇಲೆ ಸೀಗೆಕಾಯಿ ಹಚ್ಚಿ ತೊಳೆಯಿರಿ, ಕಣ್ಣು ಮುಚ್ಚಿಸಿ. ದಿಂಬಿನ ಚೀಲ, ಹಣಿಗೆ ಬಿಸಿನೀರಿಗೆ.

ಸೀರು ಒಡೆಯಲು 7ರಿಂದ 10 ದಿನ ಬೇಕು. ನನ್ನ ಮಗಳಿಗೆ ಮೊದಲ ಸಲ ಒಂದೇ ದಿನ ಬಾಚಿ ಬಿಟ್ಟಿದ್ದೆ, ಒಂಬತ್ತನೇ ದಿನ ಮತ್ತೆ ಕೆರೆಯತೊಡಗಿದಳು. ಹಾಗಾಗಿ ಮೂರು ದಿನಕ್ಕೊಮ್ಮೆ, ಎರಡು ವಾರ ಬಾಚಿ. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ. ಆಮೇಲೂ ಜೀವಂತ ಹೇನು ಕಂಡರೆ, ತಲೆಯಲ್ಲಿ ಹುಣ್ಣಾಗಿದ್ದರೆ ವೈದ್ಯರ ಬಳಿ ಹೋಗಿ. ಮಗುವಿನ ಜಡೆ ಮಾತ್ರ ಕತ್ತರಿಸಬೇಡಿ.