ಹೊಸ ಗೋಡೆಗೆ ಕಪಾಟು ಒತ್ತಿ ನಿಲ್ಲಿಸುವ ಮೊದಲು

ಪರದೇಶದಲ್ಲಿ ಉದ್ಯೋಗ ಸಿಕ್ಕಿ, ಈಗಷ್ಟೇ ಕಟ್ಟಿ ಮುಗಿಸಿದ ಮನೆಗೆ ಮೊದಲ ವಾಸಿಗಳಾಗಿ ಹೋಗುವ ಎಳೆಯರು, ಕೀಲಿಕೈ ಕೈಗೆ ಬಂದ ದಿನವೇ ಪೆಟ್ಟಿಗೆಗಳನ್ನೆಲ್ಲ ಒಳಗೆ ತುಂಬಿ, ಕಪಾಟುಗಳನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡು ಕುಳಿತುಬಿಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೆಲವೇ ತಿಂಗಳುಗಳಲ್ಲಿ ಅದೇ ಮಂದಿ, ಕಪಾಟಿನ ಹಿಂದೆ ಕಪ್ಪಗೆ ಬೂಷ್ಟು ಹಿಡಿದಿದೆ, ಬಟ್ಟೆಗೆಲ್ಲ ಮುಗ್ಗಲು ವಾಸನೆ ಬಂದಿದೆ, ಇಷ್ಟು ಹೊಸ ಮನೆಗೆ ಹೀಗೇಕಾಯಿತು ಎಂದು ಬೆರಗಾಗಿ ಕೇಳುತ್ತಾರೆ. ಮನೆ ಹೊಸದಾದ್ದರಿಂದಲೇ ಹೀಗಾಯಿತು ಎಂದರೆ ನಂಬುವುದಿಲ್ಲ.

ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ನೀರಿನೊಡನೆ ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆ ಕ್ರಿಯೆಗೆ ಬೇಕಾದದ್ದಕ್ಕಿಂತ ಹೆಚ್ಚು ನೀರನ್ನು ಕಲಸುವಾಗ ಹಾಕಿರುತ್ತಾರೆ, ಆ ಹೆಚ್ಚಿನ ನೀರು ಗೋಡೆ, ಚಾವಣಿ, ನೆಲದ ಗಚ್ಚು ಎಲ್ಲದರಲ್ಲೂ ಉಳಿದು, ಮನೆಯೊಳಗಿನ ಗಾಳಿಗೆ ನಿಧಾನವಾಗಿ ಬಿಡುಗಡೆಯಾಗುತ್ತದೆ. ನೆಲದ ಗಚ್ಚು ಅನುಕೂಲ ಹವೆಯಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಒಣಗುತ್ತದೆ ಎಂಬುದು ಕಟ್ಟಡದವರ ಒರಟು ಲೆಕ್ಕ, ಅದೂ ಮೊದಲ 50 ಮಿಲಿಮೀಟರಿನವರೆಗೆ ಮಾತ್ರ. ಅದಕ್ಕಿಂತ ದಪ್ಪವಿದ್ದರೆ ಇನ್ನೂ ನಿಧಾನ. ಕೆಲಸಗಾರರು ಬಣ್ಣ ಬಳಿದು ಹೋದ ಮಾತ್ರಕ್ಕೆ ಗೋಡೆ ಒಣಗಿತೆಂದು ತಿಳಿದರೆ ತಪ್ಪು ಯಾರದು?

ಆದ್ದರಿಂದ ಪೀಠೋಪಕರಣ ಎಲ್ಲಿಡಬೇಕೆಂದು ನಿಶ್ಚಯಿಸುವ ಮೊದಲು ಒಂದು ಪರೀಕ್ಷೆ ಮಾಡಿ. ನನ್ನ ಯಜಮಾನರ ಕೆಲಸದ ನಿಮಿತ್ತ ನಾವು ಮೊದಲ ಸಲ ದೇಶ ಬಿಟ್ಟು ಹೋದಾಗ, ಕಂಪನಿಯವರು ಕೊಟ್ಟ ಹೊಸ ವಸತಿಗೃಹಕ್ಕೆ ಬಂದಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಇದನ್ನು ತೋರಿಸಿಕೊಟ್ಟರು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಕೈಸನ್ನೆಯಲ್ಲೇ ಪಾಠ ನಡೆಯಿತು. ಅಂದಿನಿಂದ ಯಾವ ಹೊಸ ಮನೆಗೆ ಕಾಲಿಟ್ಟರೂ ಇದನ್ನು ಬಿಟ್ಟಿಲ್ಲ.

ದಪ್ಪವಾದ, ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆ ಬೇಕು. ಹೊಸ ಹಾಸಿಗೆಗೆ ಸುತ್ತಿ ಬರುವ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು, ಅದನ್ನು ಬಿಸಾಡಬೇಡಿ. ಮೊಳ ಉದ್ದ, ಮೊಳ ಅಗಲದ ತುಂಡುಗಳನ್ನು ಕತ್ತರಿಸಿ. ಗೋಡೆಯ ಆ ಭಾಗವನ್ನು ಒಣಬಟ್ಟೆಯಿಂದ ಎರಡು ಸಲ ಒರೆಸಿ; ಹೊಸ ಗೋಡೆಯ ಮೇಲೆ ಕಣ್ಣಿಗೆ ಕಾಣದ ಪುಡಿ ಇರುತ್ತದೆ, ಅದರ ಮೇಲೆ ಯಾವ ಅಂಟೂ ನಿಲ್ಲದು. ಪ್ಯಾಕಿಂಗ್ ಟೇಪನ್ನು ನೇರವಾಗಿ ಗೋಡೆಗೆ ಅಂಟಿಸಿದರೆ ಕೀಳುವಾಗ ಬಣ್ಣವೂ ಜೊತೆಗೆ ಬರುತ್ತದೆ, ಮನೆ ಮಾಲೀಕರಿಗೆ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ಬಣ್ಣದ ಕೆಲಸದವರು ಅಂಚಿಗೆ ಹಚ್ಚುವ ಕಾಗದದ ಟೇಪನ್ನು ಮೊದಲು ಗೋಡೆಯ ಮೇಲೆ ಚೌಕಟ್ಟಿನಂತೆ ಅಂಟಿಸಿ, ಮೂಲೆಗಳಲ್ಲಿ ಒಂದರ ಮೇಲೊಂದು ಬರುವಂತೆ ನೋಡಿಕೊಂಡು, ಚಮಚದ ಬೆನ್ನಿನಿಂದ ಉದ್ದಕ್ಕೂ ಉಜ್ಜಿ ಕೂರಿಸಿ. ಆ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ಕನ್ನು ಸುಕ್ಕಿಲ್ಲದಂತೆ ಹರಡಿ, ಅಗಲವಾದ ಪ್ಯಾಕಿಂಗ್ ಟೇಪಿನಿಂದ ನಾಲ್ಕೂ ಅಂಚುಗಳನ್ನು ಮುಚ್ಚಬೇಕು. ಮೂರು ಅಂಚು ಮುಚ್ಚಿ, ನಾಲ್ಕನೆಯದನ್ನು "ಸಾಕು ಬಿಡಿ" ಎಂದು ಅರೆಬರೆ ಮಾಡುವವರನ್ನು ಕಂಡಿದ್ದೇನೆ. ಅಂಥವರು ಪರೀಕ್ಷೆ ಮಾಡದಿರುವುದೇ ಲೇಸು, ಏಕೆಂದರೆ ಗಾಳಿಯಾಡಿದ ಹಾಳೆ ಸುಳ್ಳು ಹೇಳುತ್ತದೆ.

ಎಲ್ಲಿ ಅಂಟಿಸಬೇಕೆಂಬುದೂ ಮುಖ್ಯ. ಹೊರಗೋಡೆಗಳು ಎರಡು ಸೇರುವ ಮೂಲೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಬಿಸಿಲು ಬೀಳದ ಕಡೆ ಒಂದು. ಕಪಾಟು ನಿಲ್ಲಿಸಬೇಕೆಂದುಕೊಂಡ ಜಾಗದಲ್ಲಿ ಒಂದು. ಹೋಲಿಸಿ ನೋಡಲು ಒಳಗೋಡೆಯ ಮೇಲೆ ಇನ್ನೊಂದು. ಹೀಟರಿನ ಹತ್ತಿರ ಬೇಡ. ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಿ, ಎರಡಾದರೆ ಇನ್ನೂ ಒಳ್ಳೆಯದು. ಆಮೇಲೆ ಕೀಳುವ ಮೊದಲು ಬೆರಳಿನಿಂದ ಹಾಳೆಯ ಹೊರಮೈ ಸವರಿ ನೋಡಿ. ಹನಿಗಳು ಹೊರಮೈಯಲ್ಲಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚಿದೆ, ಗೋಡೆ ತಣ್ಣಗಿದೆ ಎಂದರ್ಥ. ಹನಿಗಳು ಒಳಮೈಯಲ್ಲಿ, ಅಂದರೆ ಗೋಡೆಗೆ ಮುಖಮಾಡಿದ ಕಡೆಯಲ್ಲಿ ಕೂತಿದ್ದರೆ, ಅಥವಾ ಅಷ್ಟು ಜಾಗದ ಬಣ್ಣ ಕಡುವಾಗಿದ್ದರೆ, ನೀರು ಗೋಡೆಯಿಂದಲೇ ಬರುತ್ತಿದೆ. ಏನೂ ಕಾಣದಿದ್ದರೂ ಗೋಡೆ ಆಳದವರೆಗೆ ಒಣಗಿದೆಯೆಂದು ಹಿಗ್ಗಬೇಡಿ, ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ಮಾಡಿ. ಕಾಗದದ ಟೇಪಿನ ಮೇಲೆ ತಾರೀಖು ಬರೆದು ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ಮನೆ ಬಿಡುವ ದಿನ, ಬೂಷ್ಟು ಬಂದದ್ದು ಬಾಡಿಗೆಯವರ ಅಜಾಗರೂಕತೆಯಿಂದಲೇ ಎಂದು ಹೇಳಿ ಠೇವಣಿಗೆ ಕೈಹಾಕುವ ಮಾಲೀಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಲ್ಲಿನ ಭಾಷೆಯಲ್ಲಿ ವಾದ ಮಾಡಲಾಗದ ನಿಮಗೆ ಆ ಚಿತ್ರಗಳೇ ಬಾಯಿ.

ಗೋಡೆ ಒದ್ದೆಯೆಂದು ಗೊತ್ತಾದ ಮೇಲೆ ಕಪಾಟನ್ನು ಒಳಗೋಡೆಗೆ ಸರಿಸಿ. ಹೊರಗೋಡೆಯ ಬಳಿಯೇ ಇಡಬೇಕಾದರೆ ನಾಲ್ಕು ಬೆರಳಿನಷ್ಟಾದರೂ ಸಂದು ಬಿಡಿ. ಚಳಿಯ ದೇಶಗಳಲ್ಲಿ ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವ ಅಭ್ಯಾಸ ಒಳ್ಳೆಯದಲ್ಲ, ಏಕೆಂದರೆ ಅದರಿಂದ ಕಿಟಕಿಯ ಸುತ್ತಲ ಗೋಡೆ ತಣಿದು ಅಲ್ಲಿಯೇ ನೀರು ಕೂರುತ್ತದೆ. ಹೀಟರ್ ತಗ್ಗಿಸಿ, ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು, 5ರಿಂದ 10 ನಿಮಿಷ ಗಾಳಿ ನುಗ್ಗಲು ಬಿಟ್ಟು ಮುಚ್ಚಿಬಿಡಿ. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿ. ಸೆಕೆ ಮತ್ತು ತೇವ ಎರಡೂ ಇರುವ ನಾಡುಗಳಲ್ಲಿ ಇದು ತಲೆಕೆಳಗು: ಹೊರಗಿನ ಗಾಳಿಯೇ ಹೆಚ್ಚು ಒದ್ದೆಯಾಗಿರುವಾಗ, ಎ.ಸಿ.ಯಿಂದ ತಣಿದ ಗೋಡೆಗೆ ಅದನ್ನು ಬಿಟ್ಟರೆ ಗೋಡೆ ಬೆವರುತ್ತದೆ. ಅಲ್ಲಿ ಕಿಟಕಿ ಮುಚ್ಚಿ ತೇವ ಹೀರುವ ಯಂತ್ರ ನಡೆಸುವುದೇ ಸರಿ. ಗಾಳಿಯ ತೇವ ತೋರಿಸುವ ಸಣ್ಣ ಮಾಪಕವೊಂದನ್ನು ಕೊಂಡು, ಅದು ಶೇಕಡಾ 40ರಿಂದ 60ರ ನಡುವೆ ಇರುವಂತೆ ನೋಡಿಕೊಳ್ಳಿ. ಒಗೆದ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಹರವಿ, ಬಾಗಿಲು ಹಾಕಿಕೊಂಡು ಮಲಗುವವರಿಗೆ ಏನು ಹೇಳಲಿ. ಗಾಳಿ ಹೊರಗೆಳೆಯುವ ಫ್ಯಾನಿರುವ ಸ್ನಾನದ ಮನೆಯಲ್ಲಿ ಹರವಿ, ಹರವುವಾಗ ಒಳಮೈ ಹೊರಕ್ಕೆ ತಿರುವಿದರೆ ಜೇಬಿನ ಒಳಭಾಗವೂ ಬೇಗ ಒಣಗುತ್ತದೆ. ಇದನ್ನೂ ಹೇಳಿಕೊಡಬೇಕೇ?

ನೀರಿನ ವಿಷಯ. ಹೊಸ ಕೊಳವೆಗಳಲ್ಲಿ ಮರಳು, ಪ್ಲಾಸ್ಟಿಕ್ಕಿನ ಸಿಪ್ಪೆ, ಬೆಸುಗೆಯ ಚೂರು ಉಳಿದಿರುತ್ತವೆ. ಪ್ರತಿ ನಲ್ಲಿಯ ಮೂತಿಯಲ್ಲಿರುವ ಸಣ್ಣ ಜಾಲರಿಯನ್ನು ತಿರುಗಿಸಿ ಬಿಚ್ಚಿ, ತಣ್ಣೀರನ್ನು ಚೆನ್ನಾಗಿ ಹರಿಯಬಿಟ್ಟು, ಜಾಲರಿ ತೊಳೆದು ಮತ್ತೆ ಹಾಕಿ. ಕೊಳವೆಯಲ್ಲಿ ನಿಂತ ನೀರಿಗೆ ಲೋಹದ ಅಂಶ ಇಳಿಯುವುದರಿಂದ ಮೊದಲ ತಿಂಗಳುಗಳಲ್ಲಿ ಬೆಳಗಿನ ನೀರನ್ನು ಕುಡಿಯದೆ ನೆಲ ಒರೆಸಲು ಬಳಸಿ, ಬಿಸಿನೀರಿನ ನಲ್ಲಿಯಿಂದ ಅಡುಗೆಗೆ ಹಿಡಿಯಬೇಡಿ. ಬಚ್ಚಲಿನ ಕಂಡಿಯಿಂದ ದುರ್ವಾಸನೆ ಬಂದರೆ ಗಾಬರಿಯಾಗಿ ಔಷಧಿ ಸುರಿಯಬೇಕಿಲ್ಲ. ಕೆಳಗಿನ ಬಾಗಿದ ಕೊಳವೆಯಲ್ಲಿ ನಿಲ್ಲಬೇಕಾದ ನೀರು, ಯಾರೂ ವಾಸವಿಲ್ಲದೆ ಒಣಗಿರುತ್ತದೆ. ಒಂದು ತಂಬಿಗೆ ನೀರು ಹಾಕಿದರೆ ಸಾಕು.

ಕಟ್ಟಡದ ಧೂಳನ್ನು ಒಣಪೊರಕೆಯಿಂದ ಗುಡಿಸಬೇಡಿ, ಅದು ಎದೆಗೆ ಕೆಟ್ಟದ್ದು. ಮೇಲಿನಿಂದ ಕೆಳಕ್ಕೆ ಒದ್ದೆಬಟ್ಟೆಯಲ್ಲಿ ಒರೆಸಿ. ಕೆಲಸ ನಡೆಯುವಾಗ ಧೂಳು ಸೇರದಿರಲೆಂದು ಹೊಗೆ ಎಚ್ಚರಿಕೆ ಯಂತ್ರಕ್ಕೆ ಪ್ಲಾಸ್ಟಿಕ್ ಟೊಪ್ಪಿ ಹಾಕಿರುತ್ತಾರೆ, ಅದನ್ನು ತೆಗೆಯಲು ಎಲ್ಲರೂ ಮರೆಯುತ್ತಾರೆ. ಮೊದಲ ದಿನವೇ ತಲೆಯೆತ್ತಿ ನೋಡಿ. ಹೊಸ ಹಲಗೆಯ ಕಪಾಟುಗಳಿಂದ ಬರುವ ಘಾಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ಅನಿಲವಿರುತ್ತದೆ, ಸೆಕೆಯಲ್ಲಿ ಅದು ಇನ್ನೂ ಹೆಚ್ಚು ಬರುತ್ತದೆ. ಸುಗಂಧ ಸಿಂಪಡಿಸಿದರೆ ಅದು ಹೋಗುವುದಿಲ್ಲ. ಬಾಗಿಲು, ಸೆಳೆಖಾನೆಗಳನ್ನೆಲ್ಲ ತೆರೆದಿಟ್ಟು ಗಾಳಿಯಾಡಿಸಿ, ಮಗುವಿನ ಬಟ್ಟೆಗಳನ್ನು ಕೊನೆಗೆ ಜೋಡಿಸಿ. ತವರಿನಿಂದ ಹೊತ್ತು ತಂದ ಯಂತ್ರಗಳನ್ನು ಸ್ವಿಚ್ಚಿಗೆ ಹಾಕುವ ಮೊದಲು ಅವುಗಳ ಮೇಲಿನ ಚೀಟಿ ಓದಿ. ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100, ಯೂರೋಪಿನಲ್ಲಿ 230, ಮತ್ತು ಪ್ಲಗ್ಗಿನ ಮೂತಿ ಬದಲಿಸಿದ ಮಾತ್ರಕ್ಕೆ ವೋಲ್ಟು ಬದಲಾಗದು.

ಹಸ್ತಾಂತರದ ಕಾಗದಕ್ಕೆ ಸಹಿ ಹಾಕುವ ಮೊದಲು ದೋಷಗಳನ್ನೆಲ್ಲ ಅದರಲ್ಲೇ ಬರೆಸಬೇಕು, ಮೀಟರುಗಳ ಅಂಕಿಯನ್ನೂ ಬರೆಸಬೇಕು. "ಆಮೇಲೆ ಸರಿ ಮಾಡಿಕೊಡುತ್ತೇವೆ" ಎಂಬ ನಗುಮುಖದ ಮಾತಿಗೆ ಬೆಲೆಯಿಲ್ಲ. ಗೋಡೆ ಒಣಗುತ್ತಾ ಕುಗ್ಗುವುದರಿಂದ ಮೊದಲ ವರ್ಷ ಕೂದಲೆಳೆಯಂಥ ಬಿರುಕುಗಳು ಕಾಣಿಸುವುದು ಸಹಜ. ಅವನ್ನು ಕಂಡ ಕೂಡಲೇ ಪುಟ್ಟಿ ತುಂಬಿ ಬಣ್ಣ ಬಳಿಯಲು ಓಡಬೇಡಿ, ಮತ್ತೆ ಬಿಡುತ್ತವೆ. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗುರುತು ಮಾಡಿ ತಾರೀಖು ಹಾಕಿ. ಗುರುತು ದಾಟಿ ಬೆಳೆಯುತ್ತಿದ್ದರೆ, ನಾಣ್ಯದ ಅಂಚು ತೂರುವಷ್ಟು ಅಗಲವಾಗುತ್ತಿದ್ದರೆ, ಕಟ್ಟಿದವರಿಗೆ ಲಿಖಿತವಾಗಿ ತಿಳಿಸಿ. ಹಾಗೆಯೇ ನಿಂತಿದ್ದರೆ ವರ್ಷ ಕಳೆದ ಮೇಲೆ ಒಮ್ಮೆಲೇ ತುಂಬಿಸಿದರಾಯಿತು. ಆ ಕೆಲಸಕ್ಕೆ ಬೇಕಾಗುವ ಬಣ್ಣದ ಹೆಸರು ಮತ್ತು ಸಂಖ್ಯೆಯನ್ನು, ಜೊತೆಗೆ ನೆಲದ ಟೈಲುಗಳಲ್ಲಿ ಉಳಿದ ನಾಲ್ಕಾರನ್ನು, ಕಟ್ಟಿದವರು ಸರಂಜಾಮು ಕಟ್ಟಿಕೊಂಡು ಹೊರಡುವ ಮೊದಲೇ ಕೇಳಿ ಪಡೆದಿಟ್ಟುಕೊಳ್ಳಿ. ಮುಂದಿನ ಸರಕಿನ ಬಣ್ಣ ಇದಕ್ಕೆ ಹೊಂದುವುದಿಲ್ಲ.