ಪಿಕಪ್ ಎತ್ತರಿಸುವ ಮುನ್ನ ಟೇಪು ಹಿಡಿಯಿರಿ

ಬೆಂಗಳೂರಿನ ಜೆ.ಸಿ. ರಸ್ತೆಯ ಗಾಡಿ ಸಾಮಾನಿನ ಅಂಗಡಿಯಲ್ಲಿ ‘ಗಾಡಿ ಎತ್ತರ ಮಾಡಿಸಬೇಕು’ ಅಂದರೆ ಮೊದಲು ಬರುವ ಮಾತು, ‘ಎಷ್ಟು ಇಂಚು ಸಾರ್?’ ಉತ್ತರ ಕೊಡುವ ಮುಂಚೆ ನೀವೇ ಒಂದು ಲೆಕ್ಕ ಹಾಕಿ. ನಿಮ್ಮ ಗಾಡಿ ದಿನಾ ಎಷ್ಟು ಭಾರ ಹೊರುತ್ತದೆ?

ಇಸುಝು ವಿ-ಕ್ರಾಸ್ ಇರಲಿ, ಟೊಯೊಟಾ ಹೈಲಕ್ಸ್ ಇರಲಿ, ಖಾಲಿ ನಿಂತಾಗ ಮೂತಿ ತಗ್ಗಿ ಹಿಂಭಾಗ ಎದ್ದಿರುತ್ತದೆ. ಸಾಮಾನು ಹೇರಿದಾಗ ಸಮಕ್ಕೆ ಬರಲಿ ಅಂತ ಕಂಪನಿಯವರೇ ಹಾಗೆ ಮಾಡಿರುತ್ತಾರೆ. ಮುಂಭಾಗವನ್ನಷ್ಟೇ ಎತ್ತಿ ಸಮ ಮಾಡಿದರೆ ಲೆವೆಲಿಂಗ್, ನಾಲ್ಕೂ ಕಡೆ ಎತ್ತಿದರೆ ಲಿಫ್ಟ್. ಹೊಸಕೋಟೆಯಿಂದ ವಾರಕ್ಕೆರಡು ಸಲ ತರಕಾರಿ ಹೇರಿಕೊಂಡು ಬರುವವರು ಲೆವೆಲಿಂಗ್ ಮಾಡಿಸಿದರೆ ಮೂತಿ ಆಕಾಶ ನೋಡುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅಂಥವರು ಮುಂಭಾಗ ಮುಟ್ಟದಿರುವುದೇ ವಾಸಿ.

ಈಗ ಅಳತೆ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಚೀಟಿಯಲ್ಲಿ ಬರೆದಿಡಿ. ಮಾಮೂಲಿ ಭಾರ ಹಾಕಿ ಇನ್ನೊಮ್ಮೆ ಅಳೆಯಿರಿ. ಎಡಕ್ಕೂ ಬಲಕ್ಕೂ ಎದ್ದು ಕಾಣುವ ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ಕುಸಿದಿರಬಹುದು. ಮೊದಲು ಅದನ್ನು ಸರಿ ಮಾಡಿಸಿ.

ಮುಂಭಾಗಕ್ಕೆ ಅಗ್ಗದ ದಾರಿ ಸ್ಪೇಸರ್. ಸ್ಪ್ರಿಂಗ್ ಸೆಟ್ಟಿನ ತಲೆಯ ಮೇಲೆ ಕೂರಿಸುವ ಗಟ್ಟಿ ಬಿಲ್ಲೆ ಅದು. ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಆ ಸೆಟ್ಟು, ಚಕ್ರವನ್ನು ಗಾಡಿಗೆ ಹಿಡಿದಿಡುವ ಕೆಳಗಿನ ತೋಳಿನ ಮಧ್ಯೆ ಎಲ್ಲೋ ಕೂತಿರುವುದರಿಂದ, 1 ಇಂಚು ದಪ್ಪದ ಬಿಲ್ಲೆ ಗಾಡಿಯನ್ನು ಸುಮಾರು 2 ಇಂಚು ಎತ್ತುತ್ತದೆ. ‘ಎರಡಿಂಚು ಕಿಟ್’ ಅಂದರೆ ಬಿಲ್ಲೆಯ ದಪ್ಪವೋ, ಗಾಡಿ ಏಳುವ ಎತ್ತರವೋ ಕೇಳಲೇಬೇಕು. ನಾನು ಕೇಳಲಿಲ್ಲ. ಮೂತಿ ಜಾಸ್ತಿ ಎದ್ದು, ಮುಂದಿನ ಆಕ್ಸಲ್ ಕಡಿದಾದ ಕೋನದಲ್ಲಿ ತಿರುಗಿ ತಿರುಗಿ, ಅದರ ಗ್ರೀಸ್ ಹಿಡಿದಿಡುವ ರಬ್ಬರ್ ಬೂಟು ಹರಿಯಿತು. ಚಕ್ರದ ಒಳಗೆಲ್ಲ ಗ್ರೀಸ್! ಬಿಲ್ಲೆಯಿಂದ ಉಳಿಸಿದ ದುಡ್ಡು ಅಲ್ಲೇ ಹೋಯಿತು.

ಕೈಯಲ್ಲಿ ಕಾಸಿದ್ದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಸೆಟ್ಟೇ ತಗೊಳ್ಳಿ. ನಿಮ್ಮ ಭಾರ ಹೇಳಿ, ಅದಕ್ಕೆ ತಕ್ಕ ಸ್ಪ್ರಿಂಗ್ ಕೇಳಿ. ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯಲು ಮೂತಿಗೆ ಕೂರಿಸುವ ಭಾರದ ಯಂತ್ರ) ಇಲ್ಲದ ಗಾಡಿಗೆ ವಿಂಚ್ ಹೊರುವ ಸ್ಪ್ರಿಂಗ್ ಹಾಕಿಸಿದರೆ ಪ್ರತಿ ರೋಡ್ ಹಂಪ್‌ಗೂ ಸೊಂಟ ಕುಟ್ಟುತ್ತದೆ, ಬೆಂಗಳೂರಲ್ಲಿ ಹಂಪ್‌ಗೇನು ಬರವಾ? ಗಾಡಿ ಏಳುವ ಎತ್ತರ ಎರಡಿಂಚು ದಾಟಬಾರದು ಅನ್ನುವುದು ನನ್ನ ಮಾತು.

ಹಿಂಭಾಗಕ್ಕೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಒಂದು ಪಟ್ಟಿ ಸೇರಿಸಿದರೆ ಎತ್ತರದ ಜತೆ ಬಿಗಿತವೂ ಏರುತ್ತದೆ. ಸದಾ ಲೋಡ್ ಇರುವವರಿಗೆ ಒಳ್ಳೆಯದು, ಖಾಲಿ ಓಡಿಸುವವರಿಗೆ ಹಿಂಸೆ. ಆಕ್ಸಲ್ ಮತ್ತು ಪಟ್ಟಿಯ ನಡುವೆ ಬ್ಲಾಕ್ (ಗಟ್ಟಿ ಲೋಹದ ತುಂಡು) ಇಟ್ಟರೆ ಬಿಗಿತ ಬದಲಾಗದು, ಆದರೆ ಬ್ಲಾಕಿನ ಮೇಲೆ ಬ್ಲಾಕ್ ಪೇರಿಸಬಾರದು. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಬ್ರೇಕ್ ವಾಲ್ವಿಗೆ ಒಂದು ಕಡ್ಡಿ ಇರುತ್ತದೆ, ಹಿಂಭಾಗ ಎಷ್ಟು ತಗ್ಗಿದೆ ಅಂತ ನೋಡಿ ಭಾರ ತಿಳಿಯುವುದಕ್ಕೆ. ಗಾಡಿ ಎತ್ತರವಾದರೆ ವಾಲ್ವ್ ಅದನ್ನು ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಸಡಿಲ ಮಾಡುತ್ತದೆ. ಆ ಕಡ್ಡಿಯನ್ನು ಹೊಂದಿಸಿದರಾ ಅಂತ ವಿಚಾರಿಸಿ.

ಅಂದಹಾಗೆ, ಇಷ್ಟೆಲ್ಲ ಮಾಡಿದರೂ ಹಿಂದಿನ ಆಕ್ಸಲ್ ನಡುವೆ ಇರುವ ಡಿಫರೆನ್ಶಿಯಲ್ ಗೇರ್ ಗುಂಡು ನೆಲದಿಂದ ಒಂದು ಕೂದಲೆಳೆಯೂ ಏಳುವುದಿಲ್ಲ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ.

ದುಡ್ಡು ಕೊಡುವ ಮೊದಲು ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಕೇಳಿ. ಆರ್‌ಸಿ ವಿವರ ತಯಾರಕರ ಮೂಲ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ಕೆಲಸ ಮುಗಿದ ದಿನವೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ. ಜಾಕ್ ಮೇಲೆ ಚಕ್ರ ಪೂರ್ತಿ ಜೋತಾಗ ಬ್ರೇಕ್ ಪೈಪು ಎಳೆದುಕೊಳ್ಳುತ್ತಿದೆಯಾ ನೋಡಿ. 500 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ. ಹೊಸ ಸ್ಪ್ರಿಂಗ್ ಆ ಹೊತ್ತಿಗೆ ಸ್ವಲ್ಪ ಕೂತಿರುತ್ತದೆ. ಹಳೆಯ ಚೀಟಿ ತೆಗೆದು ಅದೇ ನಾಲ್ಕು ಕಡೆ ಮತ್ತೆ ಟೇಪು ಹಿಡಿಯಿರಿ.